ಬಾಗಿಲು ಕಾಯುವವರು ಮತ್ತು ಬಾಯಿಲ್ಲದವರು: ಲೈಪ್ಸಿಗ್‌ನ ಸೋಮವಾರದ ಪ್ರಾರ್ಥನೆಗಳ ಒಂದು ಮರುವಿಮರ್ಶೆ

ಪೂರ್ವ ಜರ್ಮನಿಯ ಲೈಪ್ಸಿಗ್ ನಗರದಲ್ಲಿ 1989ರ ಶರತ್ಕಾಲದಲ್ಲಿ ನಡೆದುದನ್ನು ಕ್ರೈಸ್ತ ವೇದಿಕೆಗಳಲ್ಲಿ ಸಾಮಾನ್ಯವಾಗಿ ಹೀಗೆ ಹೇಳುವುದುಂಟು: ದೇವರನ್ನು ಅಲ್ಲಗಳೆಯುವ ಪ್ರಭುತ್ವವೊಂದಿತ್ತು. ಅದರ ನಡುವೆ ಒಂದು ಪುರಾತನ ದೇವಾಲಯವಿತ್ತು. ಅಲ್ಲಿ ಸೋಮವಾರ ಸೋಮವಾರ ಬೆರಳೆಣಿಕೆಯ ಜನರು ಕೂಡಿ ಶಾಂತಿಗಾಗಿ ಪ್ರಾರ್ಥಿಸುತ್ತಿದ್ದರು. ಬೆರಳೆಣಿಕೆಯವರು ನೂರಾರು ಜನರಾದರು, ನೂರಾರು ಸಾವಿರಾರಾಯಿತು. ಕೊನೆಗೆ ಅವರು ಮೇಣದ ಬತ್ತಿ ಹಿಡಿದು ಬೀದಿಗಿಳಿದರು. ಒಂದು ತಿಂಗಳಿಗೆ ಸರಿಯಾಗಿ ಬರ್ಲಿನ್ ಗೋಡೆ ಬಿತ್ತು. ಯೆರಿಕೋವಿನ ಕಥೆಯ ಪಕ್ಕದಲ್ಲಿ ಇಟ್ಟು ಹೇಳಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೋಧಕನಿಗೆ ಸಿಗಲಾರದು.

ಹೀಗೆ ಹೇಳುವುದು ಸುಳ್ಳಲ್ಲ. ಆದರೆ ಈ ಕಥನದಲ್ಲಿ ಒಂದು ವರ್ಷ ಕಾಣೆಯಾಗಿದೆ. 1988ರಲ್ಲಿ ಅದೇ ದೇವಾಲಯದಲ್ಲಿ, ಅದೇ ಪ್ರಾರ್ಥನೆಯನ್ನು ಕಟ್ಟಿ ಬೆಳೆಸಿದ ಸಣ್ಣ ಗುಂಪುಗಳ ಕೈಯಿಂದ ಮಾತಿನ ಹೊಣೆಯನ್ನು ಕಿತ್ತುಕೊಂಡವರು ಪೊಲೀಸರಲ್ಲ, ಸಭೆಯ ಹಿರಿಯರು. ಆ ವರ್ಷವನ್ನು ಬಿಟ್ಟು ಹೇಳಿದರೆ ಲೈಪ್ಸಿಗ್‌ನ ಕಥೆ ಸಭೆಯ ಆತ್ಮಪ್ರಶಂಸೆಯಾಗುತ್ತದೆ. ಸೇರಿಸಿ ಹೇಳಿದರೆ ಅದು ಸಭೆಗೆ ತೀರ್ಪೂ ಆಗುತ್ತದೆ, ಸುವಾರ್ತೆಯೂ ಆಗುತ್ತದೆ. ಎರಡನೆಯ ಬಗೆಯಲ್ಲಿ ಆ ಚಳವಳಿಯನ್ನು ಓದಿ, ಮಾತಿನ ಸ್ವಾತಂತ್ರ್ಯಕ್ಕೂ ಅಧಿಕಾರಕ್ಕೂ ಇರುವ ಸಂಬಂಧದ ಕುರಿತು ದೇವಜ್ಞಾನದ ವಿದ್ಯಾರ್ಥಿಗಳೂ ಸಭಾಪಾಲಕರೂ ಅದರಿಂದ ಏನನ್ನು ಕಲಿಯಬಹುದೆಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಾಗದದ ಮೇಲಿನ ಸ್ವಾತಂತ್ರ್ಯ

ಜರ್ಮನ್ ಪ್ರಜಾಸತ್ತಾತ್ಮಕ ಗಣರಾಜ್ಯವೆಂದು ತನ್ನನ್ನು ಕರೆದುಕೊಂಡ ಆ ರಾಜ್ಯದ 1968ರ ಸಂವಿಧಾನದ 27ನೆಯ ವಿಧಿಯು ಅಭಿಪ್ರಾಯ ಸ್ವಾತಂತ್ರ್ಯವನ್ನು ಪ್ರಜೆಗಳಿಗೆ ಕೊಟ್ಟಿತ್ತು. ಆದರೆ ಆ ಸ್ವಾತಂತ್ರ್ಯವು ಸಂವಿಧಾನದ ಮೂಲತತ್ವಗಳಿಗೆ ಅನುಗುಣವಾಗಿರಬೇಕೆಂಬ ಷರತ್ತು ಅದೇ ವಾಕ್ಯದಲ್ಲಿತ್ತು. ಆ ತತ್ವಗಳಲ್ಲಿ ಮೊದಲನೆಯದು ಪಕ್ಷದ ನಾಯಕತ್ವ. ದಂಡಸಂಹಿತೆಯಲ್ಲಿ 'ರಾಜ್ಯವಿರೋಧಿ ಪ್ರಚೋದನೆ'ಗೂ 'ಸಾರ್ವಜನಿಕ ಅವಹೇಳನ'ಕ್ಕೂ ಬೇರೆ ಬೇರೆ ವಿಧಿಗಳಿದ್ದವು. ಯಾವ ಮಾತು ಟೀಕೆ, ಯಾವುದು ಪ್ರಚೋದನೆ ಎಂಬುದನ್ನು ನಿರ್ಣಯಿಸುವವನು ಟೀಕೆಗೊಳಗಾದವನೇ ಆಗಿದ್ದನು. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ಪಡೆಯುವ ಈ ವಿದ್ಯೆ ಯಾವುದೋ ಒಂದು ಸಿದ್ಧಾಂತಕ್ಕೆ ಮೀಸಲಾದದ್ದಲ್ಲವೆಂಬುದನ್ನು ಇತಿಹಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಈ ನಿಯಂತ್ರಣ ನ್ಯಾಯಾಲಯದಲ್ಲಿ ನಡೆಯುತ್ತಿದ್ದುದಕ್ಕಿಂತ ಹೆಚ್ಚಾಗಿ ದಿನನಿತ್ಯದ ಬದುಕಿನಲ್ಲಿ ನಡೆಯುತ್ತಿತ್ತು. ಅಚ್ಚಿಗೆ ಪರವಾನಗಿ ಬೇಕಿತ್ತು. ಸಭಾಪಾಲಕನ ಮಗನಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿರುವುದು ಅಪರೂಪವಾಗಿರಲಿಲ್ಲ. ರಾಜ್ಯದ ಗುಪ್ತಚರ ಇಲಾಖೆಯಾದ ಸ್ಟಾಸಿಯಲ್ಲಿ 1989ರ ಹೊತ್ತಿಗೆ ಸುಮಾರು 91 ಸಾವಿರ ಪೂರ್ಣಾವಧಿ ನೌಕರರಿದ್ದರು. ನೆರೆಹೊರೆಯವರ, ಸಹೋದ್ಯೋಗಿಗಳ, ಕೆಲವೊಮ್ಮೆ ಮನೆಯವರದೇ ಮಾತುಗಳನ್ನು ವರದಿ ಮಾಡುವ ಗುಪ್ತ ಸಹಾಯಕರು ಒಂದೂವರೆ ಲಕ್ಷಕ್ಕೂ ಹೆಚ್ಚಿದ್ದರು. ಇಂಥ ವ್ಯವಸ್ಥೆಯು ಬಾಯಿಗೆ ಬೀಗ ಹಾಕುವುದಿಲ್ಲ. ಬೀಗದ ಕೈಯನ್ನು ಪ್ರತಿಯೊಬ್ಬನ ಕೈಗೇ ಕೊಟ್ಟು, ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಳ್ಳುವಂತೆ ಮಾಡುತ್ತದೆ. ಅಡುಗೆಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು. ಎರಡು ನಾಲಿಗೆಯ ಬದುಕು ಅಭ್ಯಾಸವಾದಾಗ ಮನುಷ್ಯನು ಕಳೆದುಕೊಳ್ಳುವುದು ತನ್ನ ಒಂದು ಹಕ್ಕನ್ನು ಮಾತ್ರವಲ್ಲ. ತನ್ನ ಮಾತನ್ನು ತಾನೇ ನಂಬುವ ಶಕ್ತಿಯನ್ನು. ದೇವರು ತನ್ನ ವಾಕ್ಯದಿಂದ ಸೃಷ್ಟಿಸಿದನೆಂದು ನಂಬುವ ನಮಗೆ ಇದು ರಾಜಕೀಯದ ಸಮಸ್ಯೆ ಮಾತ್ರವಾಗಿರಲಾರದು.

ಸೂರಿನ ಆಸರೆ, ಸೂರಿನ ಬೆಲೆ

ಆ ದೇಶದಲ್ಲಿ ಪಕ್ಷದ ಹಿಡಿತಕ್ಕೆ ನೇರವಾಗಿ ಒಳಪಡದೆ ಜನರು ಕೂಡಬಹುದಾಗಿದ್ದ ದೊಡ್ಡ ಸಂಸ್ಥೆಯೆಂದರೆ ಕ್ರೈಸ್ತಸಭೆ. ಯೌವನಸ್ಥರು ಶಾಂತಿ, ಪರಿಸರ, ಮಾನವ ಹಕ್ಕುಗಳ ಕುರಿತು ಮಾತನಾಡಲು ಸಣ್ಣ ಸಣ್ಣ ಗುಂಪುಗಳನ್ನು ಕಟ್ಟಿಕೊಂಡಾಗ ಅವರಿಗೆ ಸಭೆಯ ಕೊಠಡಿಗಳೇ ಆಸರೆಯಾದವು. ಅವರಲ್ಲಿ ಅನೇಕರು ದೀಕ್ಷಾಸ್ನಾನ ಹೊಂದಿದವರಾಗಿರಲಿಲ್ಲ, ನಂಬುವವರೂ ಆಗಿರಲಿಲ್ಲ.

ಸಭೆಯ ಆಸರೆಯಲ್ಲಿ ಹುಟ್ಟಿದ ಜಾಣ್ಮೆಗಳನ್ನು ಇಲ್ಲಿ ನೆನೆಯಬೇಕು. ಕತ್ತಿಗಳನ್ನು ನೇಗಿಲ ಗುಳಗಳನ್ನಾಗಿ ಮಾಡುವ ಮೀಕನ ದರ್ಶನವನ್ನು 1980ರ ದಶಕದ ಆದಿಯಲ್ಲಿ ಶಾಂತಿ ಗುಂಪುಗಳು ತಮ್ಮ ಲಾಂಛನವಾಗಿ ಆರಿಸಿಕೊಂಡವು. ಅದರ ಚಿತ್ರವಾದರೋ ಸೋವಿಯತ್ ಒಕ್ಕೂಟವೇ 1959ರಲ್ಲಿ ವಿಶ್ವಸಂಸ್ಥೆಗೆ ಕೊಡುಗೆಯಾಗಿ ಕೊಟ್ಟ ಪ್ರತಿಮೆಯದು. ಕಾಗದದ ಮೇಲೆ ಅಚ್ಚುಹಾಕಲು ಪರವಾನಗಿ ಬೇಕಾಗಿದ್ದುದರಿಂದ ಅದನ್ನು ಬಟ್ಟೆಯ ಮೇಲೆ ಅಚ್ಚುಹಾಕಿದರು. ಬಟ್ಟೆಯ ಅಚ್ಚಿಗೆ ಪರವಾನಗಿ ಬೇಕಿರಲಿಲ್ಲ. ಶಾಲೆಗಳಲ್ಲಿ, ಬೀದಿಗಳಲ್ಲಿ ಯೌವನಸ್ಥರ ತೋಳಿನಿಂದ ಅಧಿಕಾರಿಗಳು ಆ ಬಟ್ಟೆಯ ತುಣುಕನ್ನು ಕತ್ತರಿಸಿ ತೆಗೆದಾಗ, ಕೆಲವರು ಆ ಜಾಗದಲ್ಲಿ ಉಳಿದ ತೂತನ್ನೇ ಲಾಂಛನವಾಗಿ ಧರಿಸಿ ತಿರುಗಿದರು. ಸುತ್ತೋಲೆಗಳ ಮೇಲೆ 'ಸಭೆಯ ಆಂತರಿಕ ಬಳಕೆಗೆ ಮಾತ್ರ' ಎಂದು ಬರೆದು ಸೆನ್ಸಾರಿನ ಕಣ್ಣು ತಪ್ಪಿಸಿದರು.

ಆದರೆ ಆಸರೆಗೆ ಬೆಲೆಯಿತ್ತು. 1978ರ ಮಾರ್ಚ್ 6ರಂದು ಪ್ರಾಟೆಸ್ಟೆಂಟ್ ಸಭೆಗಳ ಒಕ್ಕೂಟದ ಮುಖಂಡರು ಬಿಷಪ್ ಆಲ್ಬ್ರೆಕ್ಟ್ ಶೇನ್‌ಹೆರ್ ಅವರ ನೇತೃತ್ವದಲ್ಲಿ ರಾಷ್ಟ್ರನಾಯಕ ಎರಿಕ್ ಹೊನೆಕರ್ ಅವರನ್ನು ಭೇಟಿಯಾಗಿ ಒಂದು ಬಗೆಯ ಒಡಂಬಡಿಕೆಗೆ ಬಂದಿದ್ದರು. ಅಂದಿನಿಂದ ಸಭೆಗೆ ಕಟ್ಟಡ ಕಟ್ಟುವ, ಸೆರೆಮನೆಗಳಲ್ಲಿ ಸೇವೆ ಮಾಡುವ, ಬಾನುಲಿಯಲ್ಲಿಯೂ ದೂರದರ್ಶನದಲ್ಲಿಯೂ ಅಲ್ಪಸ್ವಲ್ಪ ಮಾತನಾಡುವ ಅವಕಾಶಗಳು ದೊರೆತವು. 'ಸಮಾಜವಾದದಲ್ಲಿ ಸಭೆ' ಎಂಬ ಸೂತ್ರವು ಆ ಕಾಲದ ದೈವಶಾಸ್ತ್ರದ ನೆಲೆಯಾಯಿತು. ಇದನ್ನು ಶರಣಾಗತಿಯೆಂದು ಹಗುರವಾಗಿ ಹೇಳುವುದು ನ್ಯಾಯವಲ್ಲ. ರಾಜ್ಯವನ್ನು ಶಪಿಸದೆಯೂ ಆರಾಧಿಸದೆಯೂ ಅದರ ನಡುವೆ ಬದುಕುವ ದಾರಿಯನ್ನು ಅವರು ಹುಡುಕುತ್ತಿದ್ದರು. ಆದರೆ ಪಡೆದ ಪ್ರತಿಯೊಂದು ಅವಕಾಶವೂ ಕಳೆದುಕೊಳ್ಳಬಹುದಾದ ಒಂದು ವಸ್ತುವಾಯಿತು. ಕಳೆದುಕೊಳ್ಳಲು ಏನಾದರೂ ಇರುವವನ ನಾಲಿಗೆ ಬೇರೆಯಾಗುತ್ತದೆ.

1988: ಒಳಗಿನಿಂದ ಮುಚ್ಚಿದ ಬಾಗಿಲು

ಲೈಪ್ಸಿಗ್‌ನ ಸಂತ ನಿಕೊಲಾಯ್ ದೇವಾಲಯದಲ್ಲಿ ಸೋಮವಾರ ಸಂಜೆಯ ಶಾಂತಿಪ್ರಾರ್ಥನೆಗಳು 1982ರಲ್ಲಿ ಆರಂಭವಾದವು. ಅಲ್ಲಿನ ಸಭಾಪಾಲಕ ಕ್ರಿಸ್ಟಿಯನ್ ಫ್ಯೂರರ್. 'ಎಲ್ಲರಿಗೂ ತೆರೆದಿದೆ' ಎಂಬ ಫಲಕ ಆ ದೇವಾಲಯದ ಬಾಗಿಲಲ್ಲಿತ್ತು. ಪಕ್ಕದ ಬಡಾವಣೆಯ ಲೂಕಸ್ ದೇವಾಲಯದ ಸಭಾಪಾಲಕ ಕ್ರಿಸ್ಟೊಫ್ ವೊನೆಬೆರ್ಗರ್ ಈ ಪ್ರಾರ್ಥನೆಗಳನ್ನು ಸಂಯೋಜಿಸುವ ಹೊಣೆ ಹೊತ್ತ ಮೇಲೆ, ಪ್ರತಿ ಸೋಮವಾರವೂ ಒಂದೊಂದು ಗುಂಪು ಸರದಿಯಂತೆ ಆರಾಧನೆಯನ್ನು ನಡೆಸತೊಡಗಿತು. ಹೊಲಸಾದ ನದಿಗಳ ಕುರಿತು, ಸೈನ್ಯಸೇವೆಯನ್ನು ನಿರಾಕರಿಸಿದವರ ಕುರಿತು, ಸೆರೆಯಲ್ಲಿರುವವರ ಕುರಿತು ಅಲ್ಲಿ ಬಹಿರಂಗವಾಗಿ ಮಾತು ಕೇಳಿಬಂತು.

1988ರ ಜನವರಿಯಲ್ಲಿ ಬರ್ಲಿನ್ ನಗರದಲ್ಲಿ ಅನೇಕ ಭಿನ್ನಮತೀಯರ ಬಂಧನವಾದ ಬಳಿಕ ಪ್ರಾರ್ಥನೆಗೆ ಬರುವವರ ಸಂಖ್ಯೆ ಏರಿತು. ದೇಶ ಬಿಟ್ಟುಹೋಗಲು ಅರ್ಜಿ ಸಲ್ಲಿಸಿ ಕೆಲಸ ಕಳೆದುಕೊಂಡು ಕುಳಿತವರು ಅವರಲ್ಲಿ ಬಹಳ ಮಂದಿ. ರಾಜ್ಯವು ಬಿಷಪರ ಮೇಲೆಯೂ ನಗರದ ಸಭಾಧಿಕಾರಿಗಳ ಮೇಲೆಯೂ ಒತ್ತಡ ಹೇರಿತು: ಆರಾಧನೆಯು ಆರಾಧನೆಯಾಗಿರಲಿ, ರಾಜಕೀಯವಾಗದಿರಲಿ. ಆ ವರ್ಷದ ಬೇಸಿಗೆಯ ಬಿಡುವಿನಲ್ಲಿ ನಗರದ ಸೂಪರಿಂಟೆಂಡೆಂಟ್ ಫ್ರೀಡ್ರಿಕ್ ಮಾಗಿರಿಯುಸ್, ಪ್ರಾರ್ಥನೆಗಳ ಹೊಣೆಯನ್ನು ಗುಂಪುಗಳಿಂದ ಹಿಂತೆಗೆದುಕೊಂಡು ನಿಕೊಲಾಯ್ ಸಭೆಯ ಆಡಳಿತಕ್ಕೆ ವಹಿಸಿದರು. ವೊನೆಬೆರ್ಗರ್ ಸಂಯೋಜಕನ ಸ್ಥಾನವನ್ನು ಕಳೆದುಕೊಂಡರು. ಗುಂಪುಗಳು ಪ್ರತಿಭಟಿಸಿದವು. ಒಳಗೆ ಮಾತು ನಿಂತದ್ದರಿಂದ ಅವು ಹೊರಗೆ, ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡಿದವು. 1989ರ ಏಪ್ರಿಲ್‌ನಲ್ಲಷ್ಟೇ ಗುಂಪುಗಳಿಗೆ ಒಬ್ಬ ಸಭಾಪಾಲಕನ ಹೊಣೆಗಾರಿಕೆಯಡಿ ಮತ್ತೆ ಪಾಲು ದೊರೆಯಿತು.

ಸೂಪರಿಂಟೆಂಡೆಂಟರನ್ನು ಖಳನಾಯಕನನ್ನಾಗಿ ಮಾಡುವ ಆತುರ ಬೇಡ. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಆರಾಧನೆಯು ಯಾವುದೋ ಗುರಿಯ ಸಾಧನವಾಗಬಾರದು; ನಂಬಿಕೆಯಿಲ್ಲದವನು ಪ್ರಸಂಗಪೀಠವನ್ನು ಬಳಸಿಕೊಳ್ಳಬಾರದು; ಒಂದು ದುಡುಕಿನ ಮಾತಿಗಾಗಿ ಇಡೀ ದೇವಾಲಯದ ಬಾಗಿಲಿಗೆ ಬೀಗ ಬೀಳಬಾರದು: ಇವೆಲ್ಲ ಜವಾಬ್ದಾರಿಯುಳ್ಳ ಹಿರಿಯನ ಚಿಂತೆಗಳೇ. ನಮ್ಮಲ್ಲಿ ಬಹುಮಂದಿ ಅವರ ಸ್ಥಾನದಲ್ಲಿದ್ದಿದ್ದರೆ ಅದನ್ನೇ ಮಾಡುತ್ತಿದ್ದೆವು. ನಮ್ಮನ್ನು ಕಳವಳಗೊಳಿಸಬೇಕಾದದ್ದು ಇದೇ. ಅಧಿಕಾರವು ತನ್ನ ಕೆಲಸವನ್ನು ಕೆಟ್ಟವರ ಕೈಯಿಂದ ಮಾಡಿಸಿಕೊಳ್ಳುವುದಕ್ಕಿಂತ, ಒಳ್ಳೆಯವರ ಎಚ್ಚರಿಕೆಯ ಮೂಲಕ ಮಾಡಿಸಿಕೊಳ್ಳುವುದೇ ಹೆಚ್ಚು. ಆ ಬೇಸಿಗೆಯಲ್ಲಿ ಸ್ಟಾಸಿಗೆ ಬೇಕಾಗಿದ್ದದ್ದನ್ನು ಸಭೆಯು ತನ್ನದೇ ಭಾಷೆಯಲ್ಲಿ, ತನ್ನದೇ ಕಾರಣಗಳಿಂದ ಮಾಡಿಕೊಟ್ಟಿತು.

ಬೇತೇಲಿನ ಯಾಜಕ

ಈ ಸಂದರ್ಭಕ್ಕೆ ಸತ್ಯವೇದದಲ್ಲಿ ಕನ್ನಡಿಯಂತಿರುವ ಭಾಗವೆಂದರೆ ಆಮೋಸನ ಗ್ರಂಥದ ಏಳನೆಯ ಅಧ್ಯಾಯ. ಕುರಿ ಕಾಯುವವನೂ ಅತ್ತಿಮರಗಳನ್ನು ನೋಡಿಕೊಳ್ಳುವವನೂ ಆದ ಆಮೋಸನು ದಕ್ಷಿಣದಿಂದ ಬಂದು ಬೇತೇಲಿನಲ್ಲಿ ಮಾತನಾಡುತ್ತಾನೆ. ಅವನನ್ನು ತಡೆಯುವವನು ಅರಸನಾದ ಯಾರೊಬ್ಬಾಮನಲ್ಲ, ಅಲ್ಲಿನ ಯಾಜಕನಾದ ಅಮಚ್ಯನು. ಅಮಚ್ಯನು ಮೊದಲು ಅರಸನಿಗೆ ವರದಿ ಕಳುಹಿಸುತ್ತಾನೆ. ಆ ವರದಿಯಲ್ಲಿ ಪ್ರವಾದಿಯ ಮಾತು ಒಳಸಂಚೆಂದು ಹೆಸರು ಪಡೆಯುತ್ತದೆ, ದೇಶವು ಅವನ ಮಾತುಗಳನ್ನು ತಾಳಲಾರದೆಂಬ ದೂರೂ ಸೇರುತ್ತದೆ. ಆಮೇಲೆ ಆಮೋಸನಿಗೆ ಹಿತವಚನ ಹೇಳುತ್ತಾನೆ: ನಿನ್ನ ಊರಿಗೆ ಹೋಗು, ಅಲ್ಲಿ ಬೇಕಾದ್ದನ್ನು ಹೇಳಿ ಹೊಟ್ಟೆ ಹೊರೆದುಕೋ, ಇಲ್ಲಿ ಮಾತ್ರ ಬೇಡ, ಇದು ಅರಸನ ಪವಿತ್ರಾಲಯ.

ಗಮನಿಸಬೇಕಾದದ್ದೇನೆಂದರೆ ಅಮಚ್ಯನು ಆಮೋಸನ ಮಾತನ್ನು ಸುಳ್ಳೆಂದು ಹೇಳುವುದಿಲ್ಲ. ಸತ್ಯಾಸತ್ಯದ ಪ್ರಶ್ನೆಯನ್ನೇ ಎತ್ತದೆ ಸ್ಥಳದ ಪ್ರಶ್ನೆಯನ್ನು ಎತ್ತುತ್ತಾನೆ. ಮಾತನಾಡು, ಇಲ್ಲಿ ಬೇಡ. ಹೇಳು, ಈಗ ಬೇಡ. ನಿನಗೆ ಅರ್ಹತೆಯುಂಟೇ, ನೀನು ಪ್ರವಾದಿಗಳ ಮಂಡಲಿಗೆ ಸೇರಿದವನೇ? ಸ್ಥಳ, ಸಮಯ, ಅರ್ಹತೆ: ಧಾರ್ಮಿಕ ಅಧಿಕಾರವು ಮಾತನ್ನು ತಡೆಯಲು ಬಳಸುವ ಮೂರು ಬಾಗಿಲುಗಳು ಇವೇ. ಆಮೋಸನ ಉತ್ತರವಾದರೋ ಹಕ್ಕಿನ ಭಾಷೆಯಲ್ಲಿಲ್ಲ. ತಾನು ಪ್ರವಾದಿಯೂ ಅಲ್ಲ, ಪ್ರವಾದಿಗಳ ಸಂಘದವನೂ ಅಲ್ಲ. ಮಂದೆಯ ಹಿಂದೆ ಹೋಗುತ್ತಿದ್ದ ತನ್ನನ್ನು ಯೆಹೋವನು ಹಿಡಿದು ಕಳುಹಿಸಿದನು. ತಳಮಟ್ಟದಿಂದ ಬಂದವನ ಮಾತಿಗೆ ಇದಕ್ಕಿಂತ ಹೆಚ್ಚಿನ ಪರವಾನಗಿಯನ್ನು ಸತ್ಯವೇದ ಕೇಳುವುದಿಲ್ಲ.

ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯವನ್ನು ಇದರ ಜೊತೆಗಿಟ್ಟು ಓದಬೇಕು. ಆಲಯಕ್ಕೆ ಪ್ರವೇಶವಿಲ್ಲದ ಯೆರೆಮೀಯನು ಬಾರೂಕನ ಕೈಯಿಂದ ಬರೆಯಿಸಿ, ಬಾರೂಕನ ಬಾಯಿಂದ ಓದಿಸುತ್ತಾನೆ. ಅರಸ ಯೆಹೋಯಾಕೀಮನು ಆ ಸುರುಳಿಯನ್ನು ತುಂಡು ತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಸುರುಳಿ ಮತ್ತೆ ಬರೆಯಲ್ಪಡುತ್ತದೆ, ಮೊದಲಿಗಿಂತ ಹೆಚ್ಚು ಮಾತುಗಳೊಂದಿಗೆ. ತೋಳಿನಿಂದ ಕತ್ತರಿಸಿದ ಬಟ್ಟೆಯ ಜಾಗದಲ್ಲಿ ಉಳಿದ ತೂತನ್ನು ಧರಿಸಿ ನಡೆದ ಹುಡುಗರು ಈ ಅಧ್ಯಾಯವನ್ನು ಓದಿದ್ದರೋ ಇಲ್ಲವೋ, ಅದರ ಅರ್ಥವನ್ನು ಬಲ್ಲವರಾಗಿದ್ದರು.

ಎಣಿಸಿದವರು, ಹೆಸರು ಬರೆದವರು, ಚಿತ್ರ ತೆಗೆದವರು

ಆ ಚಳವಳಿಯ ಮಾತು ಎಂಥದಾಗಿತ್ತು? ಭಾಷಣಗಳನ್ನು ಹುಡುಕಿದರೆ ನಿರಾಶೆಯಾದೀತು. ಅವರ ಮಾತು ಬಹುಮಟ್ಟಿಗೆ ಸಾಕ್ಷಿಯ ರೂಪದ್ದು.

1989ರ ಮೇ 7ರ ಸ್ಥಳೀಯ ಚುನಾವಣೆಯಲ್ಲಿ ಹಲವು ಊರುಗಳ ಗುಂಪುಗಳು ಮತಗಟ್ಟೆಗಳಿಗೆ ಹೋಗಿ ಎಣಿಕೆಯನ್ನು ನೋಡಿ ಬರೆದುಕೊಂಡವು. ಸರ್ಕಾರವು 98.85 ಶೇಕಡಾ ಒಪ್ಪಿಗೆ ಸಿಕ್ಕಿತೆಂದು ಘೋಷಿಸಿದಾಗ, ಆ ಲೆಕ್ಕ ಸುಳ್ಳೆಂದು ಹೇಳಲು ಅವರ ಕೈಯಲ್ಲಿ ಅಂಕಿಗಳಿದ್ದವು. ಸೆಪ್ಟೆಂಬರ್ 4ರಂದು, ವಾಣಿಜ್ಯ ಮೇಳಕ್ಕಾಗಿ ವಿದೇಶೀ ಪತ್ರಕರ್ತರು ನಗರದಲ್ಲಿದ್ದಾಗ, ಮುಕ್ತ ದೇಶವನ್ನೂ ಸ್ವತಂತ್ರ ಜನರನ್ನೂ ಬಯಸುವ ಬರಹವಿದ್ದ ಬಟ್ಟೆಯೊಂದನ್ನು ದೇವಾಲಯದ ಮುಂದೆ ಯುವತಿಯರು ಎತ್ತಿ ಹಿಡಿದರು. ಕೆಲವೇ ಕ್ಷಣಗಳಲ್ಲಿ ಮಫ್ತಿಯಲ್ಲಿದ್ದವರು ಅದನ್ನು ಕಸಿದುಕೊಂಡರು. ಆ ಕ್ಷಣಗಳು ಕ್ಯಾಮೆರಾದಲ್ಲಿ ದಾಖಲಾದವು. ಸೆಪ್ಟೆಂಬರ್ 11ರಂದು ಹಲವರ ಬಂಧನವಾದಾಗ, ಬಂಧಿತರ ಹೆಸರುಗಳನ್ನು ಬರೆದು ದೇವಾಲಯದ ಕಿಟಕಿಗಳಲ್ಲಿ ಅಂಟಿಸಿದರು, ಅಲ್ಲಿ ಹೂವಿಟ್ಟರು, ದೀಪ ಹಚ್ಚಿದರು. ಎಣಿಸುವುದು, ಹೆಸರು ಹೇಳುವುದು, ಕಂಡದ್ದನ್ನು ಕಂಡಂತೆ ತೋರಿಸುವುದು: ಬಲಹೀನರ ಮಾತಿಗೆ ಬಲ ಬರುವುದು ಅಬ್ಬರದಿಂದಲ್ಲ, ನಿಖರತೆಯಿಂದ.

ಅಕ್ಟೋಬರ್ 9ರ ಸೋಮವಾರ ಬಂತು. ಜೂನ್ ತಿಂಗಳಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ನಡೆದ ನರಮೇಧವನ್ನು ಪೂರ್ವ ಜರ್ಮನಿಯ ಸಂಸತ್ತು ಸಮರ್ಥಿಸಿತ್ತು. ಆ ಸೋಮವಾರದ ಮುಂಚಿನ ಶುಕ್ರವಾರ ನಗರದ ದಿನಪತ್ರಿಕೆಯಲ್ಲಿ ಕಾರ್ಮಿಕ ಸೇನಾದಳದ ಅಧಿಕಾರಿಯೊಬ್ಬನ ಹೆಸರಿನಲ್ಲಿ, ಅಗತ್ಯವಾದರೆ ಆಯುಧ ಹಿಡಿದಾದರೂ ಇದನ್ನು ನಿಲ್ಲಿಸುವೆವೆಂಬ ಪತ್ರ ಪ್ರಕಟವಾಗಿತ್ತು. ಅಂದು ನಿಕೊಲಾಯ್ ದೇವಾಲಯದ ಪೀಠಗಳನ್ನು ತುಂಬಲು ಪಕ್ಷವು ನೂರಾರು ಸದಸ್ಯರನ್ನು ಮಧ್ಯಾಹ್ನವೇ ಕಳುಹಿಸಿತ್ತು. ಹೊರಗೆ ನಿಂತವರಿಗೆ ಸ್ಥಳ ಸಿಗಬಾರದೆಂಬುದು ಉದ್ದೇಶ. ಆದರೆ ಕಳುಹಿಸಲ್ಪಟ್ಟವರು ಒಳಗೆ ಕುಳಿತು ಪ್ರಾರ್ಥನೆಯನ್ನೂ ವೇದಪಾಠವನ್ನೂ ಕೇಳಬೇಕಾಯಿತು. ನಗರದ ಇನ್ನೂ ಮೂರು ದೇವಾಲಯಗಳಲ್ಲಿ ಅದೇ ಹೊತ್ತಿಗೆ ಪ್ರಾರ್ಥನೆ ನಡೆಯಿತು. ಸಂಗೀತ ನಿರ್ದೇಶಕ ಕುರ್ಟ್ ಮಸೂರ್, ಒಬ್ಬ ಹಾಸ್ಯ ಕಲಾವಿದ, ಒಬ್ಬ ದೈವಶಾಸ್ತ್ರಜ್ಞ ಮತ್ತು ಪಕ್ಷದ ಮೂವರು ಕಾರ್ಯದರ್ಶಿಗಳು ಸೇರಿ ಬರೆದ ಶಾಂತಿಯ ಮನವಿ ದೇವಾಲಯಗಳಲ್ಲಿಯೂ ಬೀದಿಯ ಧ್ವನಿವರ್ಧಕಗಳಲ್ಲಿಯೂ ಕೇಳಿಬಂತು. ಸುಮಾರು 70 ಸಾವಿರ ಜನ ನಗರದ ವರ್ತುಲ ರಸ್ತೆಯಲ್ಲಿ ನಡೆದರು. ಗುಂಡು ಹಾರಲಿಲ್ಲ. ಸುಧಾರಿತ ಸಭೆಯ ದೇವಾಲಯದ ಗೋಪುರದಿಂದ ಇಬ್ಬರು ತೆಗೆದ ಚಿತ್ರಗಳು ಮರುದಿನ ಪಶ್ಚಿಮದ ದೂರದರ್ಶನದ ಮೂಲಕ ಇಡೀ ದೇಶಕ್ಕೆ ತಲುಪಿದವು. ಅಂದು ಒಂದು ದೇವಾಲಯದ ಗೋಪುರವು ಪ್ರಸಂಗಪೀಠದ ಕೆಲಸ ಮಾಡಿತು.

ಅದೇ ದಿನ ಗುಂಪುಗಳು ಹಂಚಿದ ಒಂದು ಕರಪತ್ರವನ್ನು ವೊನೆಬೆರ್ಗರ್ ಅವರ ಸಭೆಯಲ್ಲಿ ಸಣ್ಣ ನಕಲು ಯಂತ್ರದಿಂದ ಸಾವಿರಾರು ಪ್ರತಿಗಳಲ್ಲಿ ಸಿದ್ಧಪಡಿಸಿದ್ದರು. ಅದು ಬೀದಿಯಲ್ಲಿ ನಡೆಯುವವರಿಗೂ ಅವರೆದುರು ನಿಂತ ಪೊಲೀಸರಿಗೂ ಒಟ್ಟಿಗೆ ಬರೆದ ಪತ್ರ. ನಾವು ಒಂದೇ ಜನ, ನಮ್ಮ ನಡುವೆ ಹಿಂಸೆ ಬೇಡ ಎಂಬುದು ಅದರ ಸಾರ. ಎದುರಾಳಿಯನ್ನು ತನ್ನ 'ನಾವು' ಎಂಬ ಮಾತಿನೊಳಗೆ ಸೇರಿಸಿಕೊಂಡ ಈ ವಾಕ್ಯದಲ್ಲಿ ವೈರಿಯನ್ನು ಪ್ರೀತಿಸಬೇಕೆಂಬ ಬೆಟ್ಟದ ಮೇಲಣ ಪ್ರಸಂಗವು ರಾಜಕೀಯದ ಭಾಷೆಯಾಯಿತು. ಒಂದು ವರ್ಷದ ಹಿಂದೆ ಪ್ರಸಂಗಪೀಠಕ್ಕೆ ಅನರ್ಹರೆನಿಸಿಕೊಂಡಿದ್ದವರು ಬರೆದ ವಾಕ್ಯವಿದು.

ಪರ್ರೇಸಿಯಾ: ಹಕ್ಕೋ ವರವೋ?

ಹೊಸ ಒಡಂಬಡಿಕೆಯಲ್ಲಿ ಈ ಬಗೆಯ ಮಾತಿಗೆ ಗ್ರೀಕ್ ಭಾಷೆಯ 'ಪರ್ರೇಸಿಯಾ' ಎಂಬ ಪದವಿದೆ; ನಮ್ಮ ಕನ್ನಡ ಸತ್ಯವೇದದಲ್ಲಿ ಅದು ಬಹುಮಟ್ಟಿಗೆ 'ಧೈರ್ಯ'ವೆಂದು ಬರುತ್ತದೆ. ಗ್ರೀಕ್ ನಗರರಾಜ್ಯದಲ್ಲಿ ಅದು ಪೌರನ ಹಕ್ಕು. ದಾಸನಿಗಾಗಲಿ ಪರದೇಶಿಗಾಗಲಿ ಅದು ಇರಲಿಲ್ಲ. ಆದರೆ ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಹಿರೀಸಭೆಯವರು ಬೆರಗಾಗುವುದು ಶಾಸ್ತ್ರಾಭ್ಯಾಸವಿಲ್ಲದ ಸಾಧಾರಣ ಜನರಾದ ಪೇತ್ರ ಯೋಹಾನರಲ್ಲಿ ಆ ಗುಣವನ್ನು ಕಂಡು. ಪೌರರ ಸೊತ್ತಾಗಿದ್ದದ್ದು ಬೆಸ್ತರ ಬಾಯಿಗೆ ಬಂದಿದೆ. ಅದೇ ಅಧ್ಯಾಯದ ಕೊನೆಯಲ್ಲಿ ಬೆದರಿಕೆಗೊಳಗಾದ ಸಭೆಯು ಕೂಡಿ ಪ್ರಾರ್ಥಿಸುತ್ತದೆ. ಬೆದರಿಕೆ ನಿಲ್ಲಲೆಂದು ಅದು ಬೇಡುವುದಿಲ್ಲ, ಮಾತನಾಡುವ ಧೈರ್ಯ ಸಿಗಲೆಂದು ಬೇಡುತ್ತದೆ. ಕೂಡಿದ ಸ್ಥಳ ನಡುಗುತ್ತದೆ.

ಇಲ್ಲಿ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪ್ರಾರ್ಥನೆಗೂ ಬಹಿರಂಗ ಮಾತಿಗೂ ನಡುವೆ ನಾವು ಎಳೆಯುವ ಗೆರೆ ಅಪೊಸ್ತಲರ ಸಭೆಗೆ ತಿಳಿದಿರಲಿಲ್ಲ. ಆರಾಧನೆಯು ರಾಜಕೀಯವಾಗಬಾರದೆಂಬ 1988ರ ವಾದವು ಈ ಅಧ್ಯಾಯದ ಎದುರು ನಿಲ್ಲುವುದು ಕಷ್ಟ. ಎರಡನೆಯದು, ಪರ್ರೇಸಿಯಾ ವರವಾದ್ದರಿಂದ ಅದರ ಒಡೆತನ ಯಾರದೂ ಅಲ್ಲ. ಹಕ್ಕನ್ನು ರಾಜ್ಯವು ಕೊಡಬಹುದು, ಹಿಂತೆಗೆದುಕೊಳ್ಳಬಹುದು. ವರವನ್ನು ಕೊಡುವವನು ಪವಿತ್ರಾತ್ಮನು, ಯಾರ ಬಾಯಿಗೆ ಕೊಡಬೇಕೆಂದು ನಿರ್ಣಯಿಸುವವನೂ ಅವನೇ. ಹಾಗೆಂದು ಹಕ್ಕಿನ ಭಾಷೆಯನ್ನು ದೈವಶಾಸ್ತ್ರವು ಕೀಳಾಗಿ ಕಾಣಬಾರದು. ವರವು ತನಗಾಗಿ ಹಕ್ಕನ್ನು ಬೇಡದಿರಬಹುದು. ನೆರೆಯವನಿಗಾಗಿ ಹಕ್ಕನ್ನು ಬೇಡದ ವರವು ಬಹುಬೇಗ ಬರಿಯ ಭಕ್ತಿಯ ಅಲಂಕಾರವಾಗುತ್ತದೆ.

ಗೆಲುವಿನ ನಂತರ

ಚಳವಳಿಯನ್ನು ಗೆಲುವಿನ ದಿನದಲ್ಲಿ ನಿಲ್ಲಿಸಿ ನೋಡುವುದು ಇನ್ನೊಂದು ದೋಷ. 1990ರ ಮಾರ್ಚ್ 18ರಂದು ಮೊದಲ ಮುಕ್ತ ಚುನಾವಣೆ ನಡೆದಾಗ, ಈ ಗುಂಪುಗಳ ಪರಂಪರೆಯಿಂದ ಬಂದ ಮೈತ್ರಿಕೂಟಕ್ಕೆ ದೊರೆತ ಮತಗಳು ಶೇಕಡಾ 2.9 ಮಾತ್ರ. ಬಾಯಿ ಬಿಡಿಸಿದವರಿಗೆ ಅಧಿಕಾರ ಸಿಗಲಿಲ್ಲ. ಸ್ಟಾಸಿಯ ಕಡತಗಳು ತೆರೆದಾಗ ಸಭೆಯೊಳಗಿನ ಎಷ್ಟೋ ಸಲಹೆಗಾರರೂ ಸ್ನೇಹಿತರೂ ವರದಿಗಾರರಾಗಿದ್ದರೆಂದು ತಿಳಿಯಿತು. ಅಕ್ಟೋಬರ್ 9ರ ಮನವಿಗೆ ಸಹಿ ಹಾಕಿದ ದೈವಶಾಸ್ತ್ರಜ್ಞನೂ ಅವರಲ್ಲೊಬ್ಬನಾಗಿದ್ದನು. ಆ ಮನವಿಯಿಂದ ಒಳಿತಾಯಿತು, ಅದನ್ನು ಬರೆದ ಕೈಗಳಲ್ಲೊಂದು ಶುದ್ಧವಾಗಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲಾರದ ದೈವಶಾಸ್ತ್ರವು ಮನುಷ್ಯರನ್ನು ಅರಿತಿಲ್ಲ.

'ನಾವೇ ಜನ' ಎಂಬ ಲೈಪ್ಸಿಗ್‌ನ ಕೂಗಿಗೆ ಏನಾಯಿತೆಂಬುದನ್ನೂ ನೋಡಬೇಕು. 2014ರಲ್ಲಿ ಡ್ರೆಸ್ಡೆನ್ ನಗರದಲ್ಲಿ ವಲಸಿಗರ ವಿರುದ್ಧ, ಮುಸಲ್ಮಾನರ ವಿರುದ್ಧ ಎದ್ದ ಪೆಗಿಡಾ ಎಂಬ ಸಂಘಟನೆಯು ಸೋಮವಾರವನ್ನೇ ಆರಿಸಿಕೊಂಡು, ಅದೇ ಕೂಗನ್ನು ಕೂಗಿತು. ಪದಗಳು ಅವೇ, ಅರ್ಥ ಮಾತ್ರ ತಲೆಕೆಳಗಾಯಿತು. 1989ರಲ್ಲಿ ಆ ಮಾತು, ತಮ್ಮ ಹೆಸರಿನಲ್ಲಿ ಆಳುತ್ತೇವೆಂದವರಿಗೆ ತಾವಿಲ್ಲಿದ್ದೇವೆಂದು ಜನರು ಹೇಳಿದ ಮಾತು. 2014ರಲ್ಲಿ ಅದು, ನೀವು ಜನರಲ್ಲ ಎಂದು ತಮಗಿಂತ ಬಲಹೀನರಿಗೆ ಹೇಳಿದ ಮಾತು. ಮುಕ್ತ ಮಾತನ್ನು ಪರೀಕ್ಷಿಸಲು ಇದು ನಮಗೆ ಒಂದು ಒರೆಗಲ್ಲನ್ನು ಕೊಡುತ್ತದೆ: ಮಾತು ಯಾವ ದಿಕ್ಕಿಗೆ ಹೋಗುತ್ತಿದೆ? ಕೆಳಗಿನಿಂದ ಮೇಲಕ್ಕೋ, ಮೇಲಿನಿಂದ ಕೆಳಕ್ಕೋ? ಅದರ 'ನಾವು' ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನೂಕುತ್ತದೆ? ಕಾನೂನು ಎರಡೂ ಬಗೆಯ ಮಾತುಗಳಿಗೆ ಅವಕಾಶ ಕೊಡಬೇಕಾಗಬಹುದು. ಸಭೆಯಾದರೋ ಅವೆರಡೂ ಒಂದೇ ಎಂದು ಹೇಳಲಾಗದು.

ವೊನೆಬೆರ್ಗರ್ ಅವರ ಕಥೆಯನ್ನೂ ಇಲ್ಲಿ ಹೇಳಬೇಕು. ಅಕ್ಟೋಬರ್ 30ರಂದು, ಗೋಡೆ ಬೀಳಲು ಹತ್ತು ದಿನಗಳಿರುವಾಗ, ಮಿದುಳಿನ ಆಘಾತದಿಂದ ಅವರ ಮಾತು ನಿಂತುಹೋಯಿತು. ಅನೇಕರ ಬಾಯಿ ತೆರೆಸಿದವನು ತಾನೇ ಮೂಕನಾದನು. ಉಳಿದವರು ವಿಜಯೋತ್ಸವದಲ್ಲಿ ಮಾತನಾಡುತ್ತಿದ್ದಾಗ ಅವರು ಪದಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಇದರಿಂದ ದೃಷ್ಟಾಂತವೊಂದನ್ನು ಹಿಂಡುವುದು ಸರಿಯಲ್ಲ. ಆದರೂ ಒಂದು ಮಾತನ್ನು ಹೇಳಬಹುದು: ಅವರು ತನ್ನ ಸರದಿಯನ್ನು ಇತರರಿಗೆ ಬಿಟ್ಟುಕೊಟ್ಟಿದ್ದರಿಂದ, ಅವರ ಮಾತು ನಿಂತ ದಿನ ಚಳವಳಿಯ ಮಾತು ನಿಲ್ಲಲಿಲ್ಲ.

ನಮ್ಮ ಮುಂದಿರುವ ಪ್ರಶ್ನೆ

ನಾವು ಬೋಧಕರು, ಮಾತು ನಮ್ಮ ವೃತ್ತಿ. ಆದ್ದರಿಂದಲೇ ಮಾತಿನ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ನಾವು ನಮ್ಮನ್ನು ಸಹಜವಾಗಿ ಪ್ರವಾದಿಯ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಲೈಪ್ಸಿಗ್ ನಮಗೆ ಇನ್ನೊಂದು ಸಾಧ್ಯತೆಯನ್ನು ತೋರಿಸುತ್ತದೆ. ಬೀಗದ ಕೈ ನಮ್ಮಲ್ಲಿದೆ, ಧ್ವನಿವರ್ಧಕ ನಮ್ಮಲ್ಲಿದೆ, ಆರಾಧನೆಯ ಕ್ರಮವನ್ನು ನಿರ್ಣಯಿಸುವವರು ನಾವು. ನಾವು ಆಮೋಸರಾಗುವುದಕ್ಕಿಂತ ಅಮಚ್ಯರಾಗುವ ಸಂಭವವೇ ಹೆಚ್ಚು.

ಹಾಗಾದರೆ ಪ್ರತಿಯೊಬ್ಬ ಸಭಾಪಾಲಕನೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾಗಿವೆ. ನನ್ನ ಸಭೆಯಲ್ಲಿ ಯಾರು ಒಮ್ಮೆಯೂ ಮಾತನಾಡಿಲ್ಲ? ಸಭೆಯ ಲೆಕ್ಕದ ಕುರಿತು ವಾರ್ಷಿಕ ಕೂಟದಲ್ಲಿ ಪ್ರಶ್ನೆ ಕೇಳಿದವನಿಗೆ ನಂತರ ಏನಾಯಿತು? ಯೌವನಸ್ಥರು, ಸ್ತ್ರೀಯರು, ಜಾತಿಯ ಗಾಯವನ್ನು ಸಭೆಯೊಳಗೂ ಹೊತ್ತು ಬಂದವರು ನೋವಿನ ಮಾತನ್ನು ಎತ್ತಿದಾಗ, ಅದು ಸತ್ಯವೋ ಎಂದು ವಿಚಾರಿಸಿದೆನೋ, ಇಲ್ಲಿ ಬೇಡ, ಈಗ ಬೇಡ ಎಂದು ಸಮಾಧಾನ ಮಾಡಿದೆನೋ? ಸಭೆಗೆ ದೊರೆತಿರುವ ಯಾವ ಅನುಕೂಲವನ್ನು ಕಳೆದುಕೊಳ್ಳುವ ಭಯ ನನ್ನ ನಾಲಿಗೆಯನ್ನು ಹಿಡಿದಿದೆ? ಹೊರಗಿನ ಪ್ರಭುತ್ವವನ್ನು ಕುರಿತು ಧೈರ್ಯವಾಗಿ ಮಾತನಾಡುವ ಸಭೆಯು ಒಳಗಿನ ಮಾತಿಗೆ ಹೆದರಿದರೆ, ಅದರ ಧೈರ್ಯವನ್ನು ಯಾರೂ ನಂಬುವುದಿಲ್ಲ.

1988ರ ಶರತ್ಕಾಲದಲ್ಲಿ ದೇವಾಲಯದ ಅಂಗಳದಲ್ಲಿ ನಿಂತು ಮಾತನಾಡಿದವರು ಸಭೆಯನ್ನು ಬಿಟ್ಟುಹೋಗಲಿಲ್ಲ. ಮುಚ್ಚಿದ ಬಾಗಿಲಿನ ಹತ್ತಿರವೇ ನಿಂತರು. ಒಳಗಿನವರು ಬಾಗಿಲನ್ನು ಮತ್ತೆ ತೆರೆದರು, ತಡವಾಗಿ, ಅರೆಮನಸ್ಸಿನಿಂದ, ಷರತ್ತುಗಳೊಂದಿಗೆ. ಆದರೂ ತೆರೆದರು. 1989ರ ಅಕ್ಟೋಬರ್‌ನಲ್ಲಿ ಒಂದು ನಗರವನ್ನು ರಕ್ತಪಾತದಿಂದ ಕಾಪಾಡಿದ ಕಾರಣಗಳನ್ನು ಎಣಿಸುವಾಗ ಆ ತೆರೆದ ಬಾಗಿಲನ್ನೂ ಎಣಿಸಬೇಕು. 'ಎಲ್ಲರಿಗೂ ತೆರೆದಿದೆ' ಎಂಬ ಫಲಕವನ್ನು ಬಾಗಿಲಿಗೆ ಹಾಕುವುದು ಸುಲಭ. ಒಳಗೆ ಬಂದವರು ಬಾಯಿ ತೆರೆದಾಗ ಏನು ಮಾಡುತ್ತೇವೆಂಬುದರಿಂದ ಆ ಫಲಕ ಸತ್ಯವೋ ಸುಳ್ಳೋ ಎಂಬುದು ತಿಳಿಯುತ್ತದೆ.